ಯುವಿ ಬೆಳಕಿನ ಚಿಕಿತ್ಸೆಗೆ ಹೆದರಬೇಕಾ?

ತಂದೆಗೆ ಮೈಕೋಸಿಸ್ ಫಂಗಾಯ್ಡಿಸ್ (ಬಿಳಿ ರಕ್ತಕಣಗಳಿಂದ ಚರ್ಮದಲ್ಲಿ ಬರುವ ಒಂದು ಕ್ಯಾನ್ಸರ್) ಶುರುವಿನ ಹಂತದಲ್ಲಿದೆ, ಕ್ಯಾನ್ಸರ್ ತರುವ ಯುವಿ ಬೆಳಕನ್ನೇ ಮೈಮೇಲೆ ಬಿಡುವುದು ಸರಿಯಾ ಎಂದು ಕೇಳಿದ್ದೀರಿ. ಭಯ ಸಹಜ. ಆದರೆ ಈ ಹಂತದಲ್ಲಿ ಕ್ಯಾನ್ಸರ್ ಆದ ಟಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣಗಳು) ಹೆಚ್ಚಾಗಿ ಚರ್ಮದ ಮೇಲ್ಪದರದಲ್ಲೇ ಇರುತ್ತವೆ. 311 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ, ನ್ಯಾರೋಬ್ಯಾಂಡ್ ಯುವಿಬಿ ಎಂಬ ಯುವಿ ಬೆಳಕು ಅಷ್ಟು ಆಳಕ್ಕೆ ಇಳಿದು ಅವನ್ನು ಸಾಯಿಸುತ್ತದೆ. ಸಾಮಾನ್ಯವಾಗಿ ವಾರಕ್ಕೆ 2-3 ಸಲ ಕೊಡುತ್ತಾರೆ. ಮೊದಲು ತುಂಬಾ ಕಡಿಮೆ, ಆಮೇಲೆ ಸ್ವಲ್ಪಸ್ವಲ್ಪವೇ ಜಾಸ್ತಿ. ದೀರ್ಘಕಾಲದಲ್ಲಿ ಚರ್ಮದ ಕ್ಯಾನ್ಸರ್ ಅಪಾಯ ಸೋರಾಲೆನ್ (ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುವ ಔಷಧ) ಜೊತೆ ಕೊಡುವ, ಯುವಿಎ ಎಂಬ ಇನ್ನೊಂದು ಬಗೆಯ ಯುವಿ ಬೆಳಕಿನಲ್ಲೇ ಹೆಚ್ಚು. ಅದನ್ನು ದಪ್ಪ ಮಚ್ಚೆಗಳಿಗೆ ಬಳಸುತ್ತಾರೆ.

ಬೆಳಕಿನ ಪೆಟ್ಟಿಗೆಯ ಒಳಗೆ ನಿಂತಾಗ ಕಣ್ಣಿನ ರಕ್ಷಣೆಯ ಕನ್ನಡಕ ತೆಗೆಯಲೇಬಾರದು. ಮರುದಿನ ಚರ್ಮ ಕೆಂಪಾಗಿ ಉರಿದರೆ ಸುಮ್ನೆ ಸಹಿಸಿಕೊಳ್ಳದೆ, ಮುಂದಿನ ಸಲ ಬೆಳಕಿಗೆ ನಿಲ್ಲುವ ಮೊದಲೇ ಹೇಳಲಿ. ಕಂಕುಳು, ತೊಡೆಸಂದಿಗೆ ಬೆಳಕು ಸರಿಯಾಗಿ ತಲುಪುವುದಿಲ್ಲ. ಅಲ್ಲಿ ಮಚ್ಚೆ ಇದ್ದರೆ ಮುಲಾಮು ಬೇಕಾ ಎಂದು ಡಾಕ್ಟರನ್ನು ಕೇಳಿ.