ದೊಡ್ಡ ಚಿತ್ರಕ್ಕೆ ಸೋಮವಾರ, ಸಣ್ಣ ಚಿತ್ರಕ್ಕೆ ಶನಿವಾರ

ಪ್ರಶ್ನೆ: ಟಿಕೆಟ್ ಆ್ಯಪ್‌ನಲ್ಲಿ 9ಕ್ಕಿಂತ ಹೆಚ್ಚು ರೇಟಿಂಗ್ ಕಂಡು ಮನೆಮಂದಿಯೆಲ್ಲ ಹೋದೆವು. ಸೆಕೆಂಡ್ ಹಾಫ್ ಕೂತು ನೋಡಲಾಗಲಿಲ್ಲ. ಯಾವುದನ್ನು ನಂಬುವುದು?
– ಓದುಗರು, ದಾವಣಗೆರೆ

ಉತ್ತರ: ಸ್ಟಾರ್ ಚಿತ್ರದ ಶುಕ್ರವಾರದ ರೇಟಿಂಗನ್ನು ನಂಬಬೇಡಿ. ಮೊದಲ ದಿನ ಬೆಳಗಿನ ಶೋಗೆ ಬರುವವರು ಹೆಚ್ಚಾಗಿ ಅಭಿಮಾನಿಗಳು, 10 ಕೊಡುತ್ತಾರೆ. ಎದುರು ಪಾಳಯದವರು ಚಿತ್ರ ನೋಡದೆಯೂ 1 ಒತ್ತುತ್ತಾರೆ. ಆದ್ದರಿಂದ ಸರಾಸರಿ ಬಿಟ್ಟು, ಮತ ಹೇಗೆ ಹಂಚಿಹೋಗಿದೆ ಎಂದು ನೋಡಿ. ಚಿತ್ರಗಳ ಮಾಹಿತಿ, ರೇಟಿಂಗ್ ಇರುವ ಜಾಲತಾಣ ಐಎಂಡಿಬಿಯಲ್ಲಿ ರೇಟಿಂಗ್ ಮೇಲೆ ಒತ್ತಿದರೆ ಅದು ಕಾಣುತ್ತದೆ. 10 ಮತ್ತು 1ಕ್ಕೆ ಮಾತ್ರ ಮತ ಸುರಿದು ನಡುವೆ ಬರಿದಾಗಿದ್ದರೆ ಆ ಅಂಕದಿಂದ ಏನೂ ತಿಳಿಯದು. 6, 7, 8ರ ಸುತ್ತ ಮತ ಸೇರಿದ್ದರೆ ಬೆಲೆ ಕೊಡಬಹುದು. ಕೋರ್ಟ್ ಆದೇಶದ ಮೇರೆಗೆ ಕೆಲವು ಕನ್ನಡ ಚಿತ್ರಗಳ ರೇಟಿಂಗನ್ನು ಆ್ಯಪ್‌ನಲ್ಲಿ ಮುಚ್ಚಿದ್ದೂ ಉಂಟು. ಆಗ ಆ್ಯಪ್‌ನಲ್ಲಿ ಈ ದಾರಿಯೇ ಇಲ್ಲ.

ಸೋಮವಾರದ ಸೀಟುಗಳು ಇದಕ್ಕಿಂತ ಚೆನ್ನಾಗಿ ಹೇಳುತ್ತವೆ. ಸಂಜೆ ಶೋ ಶುರುವಾಗಲು ಅರ್ಧ ಗಂಟೆ ಇರುವಾಗ ನಿಮ್ಮೂರಿನ ಎರಡು ಥಿಯೇಟರ್‌ಗಳ ಸೀಟ್ ನಕ್ಷೆ ತೆರೆಯಿರಿ. ವಾರಾಂತ್ಯದಲ್ಲಿ ಹೌಸ್‌ಫುಲ್ ಆಗಿದ್ದ ಚಿತ್ರಕ್ಕೆ ಈಗ ನಾಲ್ಕನೇ ಒಂದು ಭಾಗವೂ ತುಂಬದಿದ್ದರೆ, ನೋಡಿ ಬಂದವರು ಬೇರೆಯವರಿಗೆ ‘ಹೋಗಿ’ ಎನ್ನುತ್ತಿಲ್ಲ ಎಂದು ತಿಳಿಯಿರಿ. ಸೋಮವಾರ ರಜೆಯಿದ್ದರೆ ಮಂಗಳವಾರ ನೋಡಿ. ಹಬ್ಬದ ವಾರದಲ್ಲಿ ಈ ಲೆಕ್ಕ ಪೂರ್ತಿ ತಪ್ಪುತ್ತದೆ, ಮನೆಯಲ್ಲಿರುವ ಜನ ಸಿಕ್ಕಿದ್ದನ್ನು ನೋಡುತ್ತಾರೆ.

ಪ್ರಶ್ನೆ: ಹೊಸಬರ ಕನ್ನಡ ಚಿತ್ರಕ್ಕೆ ಸೋಮವಾರದವರೆಗೆ ಕಾದರೆ ಥಿಯೇಟರ್‌ನಲ್ಲಿ ಚಿತ್ರವೇ ಇರುವುದಿಲ್ಲವಲ್ಲ?
– ಓದುಗರು, ಶಿವಮೊಗ್ಗ

ಉತ್ತರ: ಸರಿಯಾಗಿ ಹೇಳಿದಿರಿ, ಅಲ್ಲಿ ಕಾಯಲೇಬಾರದು. ದಿನಕ್ಕೆ ಒಂದೋ ಎರಡೋ ಶೋ, ಅದೂ ಬೆಳಗ್ಗೆ ಹತ್ತಕ್ಕೆ ಅಥವಾ ರಾತ್ರಿ ಹತ್ತರ ಮೇಲೆ ಸಿಗುವ ಚಿತ್ರ ಇದು. ಜನ ಬರದಿದ್ದರೆ ವಾರದ ನಡುವೆಯೇ ಶೋ ಕಿತ್ತುಹಾಕುತ್ತಾರೆ. ಶುಕ್ರವಾರ ರಾತ್ರಿ ವಿಮರ್ಶೆ ಓದಿ, ಶನಿವಾರ ನಿರ್ಧರಿಸಿ.

ಯಾರ ವಿಮರ್ಶೆ? ನೀವು ಈಗಾಗಲೇ ನೋಡಿರುವ ಐದು ಚಿತ್ರ ಆರಿಸಿ: ಎರಡು ಇಷ್ಟವಾದವು, ಎರಡು ಬೇಸರ ತಂದವು, ಒಂದು ಸುಮಾರಾದದ್ದು. ಒಬ್ಬ ವಿಮರ್ಶಕರು ಆ ಐದಕ್ಕೂ ಏನು ಬರೆದಿದ್ದರೆಂದು ಹುಡುಕಿ ಓದಿ. ನಾಲ್ಕರಲ್ಲಿ ನಿಮ್ಮ ಅಭಿಪ್ರಾಯಕ್ಕೆ ಹೊಂದಿದರೆ ಅವರನ್ನು ಹಿಡಿದುಕೊಳ್ಳಿ. ನಾಲ್ಕರಲ್ಲೂ ನಿಮಗೆ ಉಲ್ಟಾ ಇದ್ದವರೂ ಅಷ್ಟೇ ಉಪಯೋಗ, ಅವರು ಬೈದದ್ದನ್ನು ನೋಡಿ. ಸ್ಟಾರ್ ಎಣಿಸುವುದಕ್ಕಿಂತ ಕಾರಣ ಹುಡುಕಿ. ‘ಇಂಟರ್‌ವಲ್ ನಂತರ ಕಥೆ ನಿಂತಲ್ಲೇ ನಿಲ್ಲುತ್ತದೆ’ ಎಂಬುದು ಕೆಲಸಕ್ಕೆ ಬರುವ ಮಾತು. ‘ಕುಟುಂಬ ಸಮೇತ ನೋಡಬಹುದಾದ ಚಿತ್ರ’ ಎಂಬುದರಿಂದ ಏನೂ ತಿಳಿಯುವುದಿಲ್ಲ.

ಟ್ರೇಲರ್‌ನಲ್ಲಿ ಒಂದಾದರೂ ದೃಶ್ಯ ಕತ್ತರಿಸದೆ ಹದಿನೈದು-ಇಪ್ಪತ್ತು ಸೆಕೆಂಡ್ ನಡೆಯುತ್ತದೆಯೇ ನೋಡಿ. ಮಾತು, ನಟನೆ ಹೇಗಿದೆ ಎಂದು ತಿಳಿಯುವುದು ಅಲ್ಲಿಯೇ.

ಎರಡನೇ ವಾರಕ್ಕೆ ಶೋ ಹೆಚ್ಚಾದರೆ ಕಣ್ಣುಮುಚ್ಚಿ ಹೋಗಿ. 2025ರ ಜುಲೈ 25ರಂದು ತೆರೆಕಂಡ ‘ಸು ಫ್ರಂ ಸೋ’ಗೆ ಆದದ್ದು ಹಾಗೆಯೇ. ದೊಡ್ಡ ಪ್ರಚಾರವಿರಲಿಲ್ಲ, ನೋಡಿದವರ ಬಾಯಿಮಾತಿನಿಂದಲೇ ಶೋಗಳು ಏರಿದವು. ಆದರೆ ಅಂಥ ಬಾಯಿಮಾತು ಹುಟ್ಟಬೇಕಾದರೆ ಮೊದಲ ಮೂರು ದಿನ ಯಾರಾದರೂ ಹೋಗಿರಬೇಕು. ಸಾಧ್ಯವಾದರೆ ಆ ಮೊದಲಿಗರಲ್ಲಿ ನೀವೂ ಇರಿ.

ಪ್ರಶ್ನೆ: ಒಂಬತ್ತು ವರ್ಷದ ಮಗಳನ್ನು ಯುಎ ಚಿತ್ರಕ್ಕೆ ಕರೆದೊಯ್ಯಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬರೀ ಯುಎ ಎಂದು ನೋಡಿದರೆ ಸಾಲದು. 2024ರ ಸಿನಿಮಾ ಪ್ರಮಾಣಪತ್ರ ನಿಯಮದಂತೆ ಅದು ಯುಎ 7+, 13+, 16+ ಎಂದು ಮೂರಾಗಿದೆ. ಇವು ತಂದೆತಾಯಿಗೆ ಕೊಡುವ ಸೂಚನೆ, ಗೇಟಿನಲ್ಲಿ ತಡೆಯುವುದಿಲ್ಲ. ನಿಮ್ಮ ಮಗಳಿಗೆ 7+ ಸರಿ. 16+ ಇದ್ದರೆ ಬಿಟ್ಟುಬಿಡಿ. ‘ಎ’ ಚಿತ್ರಕ್ಕೆ ಮಾತ್ರ 18 ತುಂಬದವರನ್ನು ತಂದೆತಾಯಿ ಜೊತೆಗಿದ್ದರೂ ಬಿಡುವಂತಿಲ್ಲ. ಅವಧಿಯನ್ನೂ ನೋಡಿಕೊಳ್ಳಿ: 2 ಗಂಟೆ 45 ನಿಮಿಷದ ಚಿತ್ರಕ್ಕೆ ಜಾಹೀರಾತು, ಇಂಟರ್‌ವಲ್ ಸೇರಿದರೆ ಮೂರೂಕಾಲು ಗಂಟೆ ದಾಟುತ್ತದೆ. ಮಕ್ಕಳಿದ್ದರೆ ರಾತ್ರಿ ಶೋ ಬೇಡ.

ಪ್ರಶ್ನೆ: ಓಟಿಟಿಗೆ ಬರುವವರೆಗೆ ಕಾದರೆ ಸಾಲದೇ?
– ಓದುಗರು, ಮೈಸೂರು

ಉತ್ತರ: ದಕ್ಷಿಣದ ದೊಡ್ಡ ಚಿತ್ರಗಳು ಸಾಮಾನ್ಯವಾಗಿ ನಾಲ್ಕು ವಾರಕ್ಕೆ, ಹಿಂದಿಯವು ಎಂಟು ವಾರಕ್ಕೆ ಬರುತ್ತವೆ. ಮಾತಿನ ಮೇಲೆ ನಡೆಯುವ ಕೌಟುಂಬಿಕ ಕಥೆಯಾದರೆ ಮನೆಯಲ್ಲೇ ನೋಡಬಹುದು. ಹಾರರ್, ಯುದ್ಧ, ಜೋರಾಗಿ ನಗಿಸುವ ಹಾಸ್ಯ ಥಿಯೇಟರ್‌ನಲ್ಲೇ ಚೆನ್ನ. ಸಣ್ಣ ಕನ್ನಡ ಚಿತ್ರಕ್ಕೆ ಮಾತ್ರ ಈ ಲೆಕ್ಕ ಹಾಕಬೇಡಿ. ಬಹಳಷ್ಟನ್ನು ಓಟಿಟಿಯವರು ಕೊಳ್ಳುವುದೇ ಇಲ್ಲ.