ಬೈಯಪ್ಪನಹಳ್ಳಿ ಹತ್ತಿರ ಕೆಲಸ ಸಿಕ್ಕಿದೆ. ಬೆಂಗಳೂರಿನಲ್ಲಿ ಕನ್ನಡದವರೇ ಜಾಸ್ತಿ ಇರುವ ಏರಿಯಾ ಯಾವುದು?

ಗದಗದಿಂದ ಬರುತ್ತಿದ್ದೀರಿ. ಭೋಗ್ಯಕ್ಕೆ ಹಾಕಲು ಕೈಯಲ್ಲಿ ಸ್ವಲ್ಪ ದುಡ್ಡಿದೆ. 'ಬೇರೆ ಭಾಷೆಯವರ ನಡುವೆ ಹೋಗಿ ಸಿಕ್ಕಿಹಾಕಿಕೊಳ್ಳಬಾರದು' ಅಂತ ಬರೆದಿದ್ದೀರಿ. ಇದೇ ಮಾತನ್ನು ನಾನು 2009ರಲ್ಲಿ ನಮ್ಮಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ಆ ಒಂದು ಮಾತಿಗೆ ನನ್ನಿಂದ ಹೋಗಿದ್ದು 1 ಲಕ್ಷ 80 ಸಾವಿರ ರೂಪಾಯಿ.

ನಮ್ಮೂರು ಹಿರೇಕೆರೂರು. ಹಳೇ ಮದ್ರಾಸ್ ರಸ್ತೆಯ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಮೊದಲು ನೋಡಿದ ಮನೆ ಹಲಸೂರಿನ ಪಕ್ಕ, ಜೋಗುಪಾಳ್ಯದಲ್ಲಿ. ಆಫೀಸಿಗೆ ನಡೆದು ಹೋದರೆ ಇಪ್ಪತ್ತು ನಿಮಿಷ. ಒಂದು ರೂಮು, ಅಡುಗೆಮನೆ, ಮೇಲೆ ಶೀಟು, ದಿನ ಬಿಟ್ಟು ದಿನ ಕಾವೇರಿ ನೀರು. ಬಾಡಿಗೆ 4 ಸಾವಿರ, ಅಡ್ವಾನ್ಸ್ ಹತ್ತು ತಿಂಗಳದ್ದು. ಮನೆ ಓನರ್ ಅರವತ್ತು ದಾಟಿದ ಒಬ್ಬ ಅಮ್ಮ. ನನ್ನ ಜೊತೆ ಕನ್ನಡದಲ್ಲೇ ಮಾತಾಡಿದರು. ನಡುವೆ ಒಳಗಿದ್ದ ಮಗಳಿಗೆ ತಮಿಳಿನಲ್ಲಿ ಏನೋ ಕೂಗಿ ಹೇಳಿದರು. ಅಷ್ಟೇ, ನನಗೆ ಮನೆ ಬೇಡವಾಯಿತು. (ಅವರು ಕೂಗಿದ್ದು ಕಾಫಿ ತರಲು. ಕಾಫಿ ಬಂತು, ಕುಡಿದೆ ಕೂಡ.)

ಆ ಆಗಸ್ಟಿನಲ್ಲಿ ಹಲಸೂರು ಕೆರೆ ಸುತ್ತ ಬರೀ ಪೊಲೀಸರು. 1991ರಿಂದ ಮುಸುಕಿನಲ್ಲೇ ನಿಂತಿದ್ದ ತಮಿಳು ಕವಿ ತಿರುವಳ್ಳುವರ್ ಪ್ರತಿಮೆಯನ್ನು 9ನೇ ತಾರೀಖು ಅನಾವರಣ ಮಾಡಿದರು. ನಾಲ್ಕು ದಿನ ಬಿಟ್ಟು ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ. ಸರ್ವಜ್ಞ ನಮ್ಮ ಅಬಲೂರಿನವನು ಅಂತ ಎದೆ ತಟ್ಟಿ ಹೇಳುವ ಊರಿನವನು ನಾನು. ಅವನು ಹೋಗಿ ಚೆನ್ನೈನಲ್ಲಿ ನಿಂತ. ನಾನು ಜೋಗುಪಾಳ್ಯದಲ್ಲಿ ನಿಲ್ಲಲು ಹೆದರಿದೆ.

"ಯಾಕಪ್ಪಾ, ಮನೆ ಚೆನ್ನಾಗಿಲ್ವಾ?" ಅಂದರು ಅಮ್ಮ.

"ಹಂಗೇನಿಲ್ರೀ ಅಮ್ಮಾರ, ನಮ್ಮ ಕಡೆಯವರು ಇರೋ ಜಾಗ ನೋಡಾಕತ್ತೀನಿ" ಅಂದೆ. ಹೇಳಬಾರದಿತ್ತು.

ಅವರಿಗೆ ನಗು ಬಂತು. "ನಮ್ಮ ತಾತ ಹುಟ್ಟಿದ್ದೇ ಇದೇ ಬೀದೀಲಿ. ನೀನು ಬೆಂಗಳೂರಿಗೆ ಯಾವಾಗ ಬಂದೆ?"

"ಶುಕ್ರವಾರ ಬಂದೀನ್ರಿ."

ಆಗ ನನಗೆ ಈ ಊರಿನ ಕಥೆ ಏನೂ ಗೊತ್ತಿರಲಿಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದರು. ಸಿಪಾಯಿಗಳ ಹಿಂದೆ ಮದ್ರಾಸ್ ಪ್ರಾಂತ್ಯದಿಂದ ಕೂಲಿಯವರು, ಅಡುಗೆಯವರು, ವ್ಯಾಪಾರದವರು ಬಂದರು. ಆ ಬೀದಿಗಳ ತಮಿಳಿಗೆ ಇನ್ನೂರು ವರ್ಷ ವಯಸ್ಸು. ಕೆಂಪೇಗೌಡರ ಪೇಟೆ ಒಂದು ಊರು, ದಂಡು ಇನ್ನೊಂದು ಊರು ಅನ್ನುವ ಹಾಗೆ ಬಹಳ ಕಾಲ ಇದ್ದವು. ಎರಡನ್ನೂ ಸೇರಿಸಿ ಒಂದೇ ಕಾರ್ಪೊರೇಷನ್ ಮಾಡಿದ್ದು 1949ರಲ್ಲಿ. ಆ ಲೆಕ್ಕದಲ್ಲಿ ಹೊರಗಿನವನು ನಾನು, ಶುಕ್ರವಾರ ಬಂದವನು.

ಬ್ರೋಕರ್ ನನ್ನನ್ನು ಸುಂಕದಕಟ್ಟೆಗೆ ಕರೆದುಕೊಂಡು ಹೋದ. ಹಾಸನ, ಮಂಡ್ಯ, ತುಮಕೂರಿನವರು, ನಮ್ಮ ಕಡೆಯವರು, ಪೀಣ್ಯದ ಕಾರ್ಖಾನೆಗೂ ಗಾರ್ಮೆಂಟ್ಸಿಗೂ ಹೋಗುವವರು. ಕಿವಿಗೆ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಓನರ್ ಬಾಗಿಲಲ್ಲೇ, "ಯಾವೂರ್ರೀ ತಮ್ಮಾ? ಹಿರೇಕೆರೂರಾ? ನಮ್ದು ಹಾನಗಲ್ ಅಲ್ಲೇನು! ಬರ್ರಿ, ರೊಟ್ಟಿ ತಿಂದ ಹೋಗ್ರಿ" ಅಂದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟ ಮುಗಿಯುವ ಹೊತ್ತಿಗೆ ಮೂರು ಲಕ್ಷಕ್ಕೆ ಮೂರು ವರ್ಷದ ಭೋಗ್ಯ ಮಾತಾಗಿತ್ತು.

ಇನ್ನು ಮುಂದಿನದನ್ನು ನಿಧಾನವಾಗಿ ಓದಿ. ನನ್ನ ಹೆಂಡತಿ ಇದನ್ನು ನೂರು ಸಲ ಕೇಳಿದ್ದಾಳೆ, ನೀವು ಒಂದು ಸಲ ಕೇಳಿ.

ಭೋಗ್ಯ ಅಂದರೆ ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಪೂರ್ತಿ ದುಡ್ಡು ವಾಪಸ್. ಕೇಳಲು ಪುಕ್ಕಟೆ ಮನೆ ಅನ್ನಿಸುತ್ತೆ. ಅಲ್ಲ. ನೀವು ಆ ಓನರ್‌ಗೆ ಮೂರು ಲಕ್ಷ ಸಾಲ ಕೊಡುತ್ತಿದ್ದೀರಿ, ಬಡ್ಡಿಯ ಬದಲು ಮನೆಯಲ್ಲಿ ಇರುತ್ತೀರಿ. ಸಾಲ ಕೊಡುವವನು ಏನು ನೋಡಬೇಕು? ತೆಗೆದುಕೊಳ್ಳುವವನಿಗೆ ಬೇರೆ ಸಾಲ ಎಷ್ಟಿದೆ ಅಂತ ನೋಡಬೇಕು. ನಾನು ಅದೊಂದನ್ನು ಬಿಟ್ಟು ಎಲ್ಲ ನೋಡಿದೆ. ಸಂಪ್ ನೋಡಿದೆ, ನಲ್ಲಿ ತಿರುಗಿಸಿ ನೋಡಿದೆ, ದೇವರ ಮನೆಯ ದಿಕ್ಕು ನೋಡಿದೆ. ಮನೆಯ ಮೂಲ ಪತ್ರ ಎಲ್ಲಿದೆ ಅಂತ ಕೇಳಲಿಲ್ಲ. ಮನೆ ಮೇಲೆ ಸಾಲ ಇದೆಯಾ, ಮಾರಾಟ ಆಗಿದೆಯಾ ಅಂತ ತೋರಿಸುವ ಇ.ಸಿ. (ಋಣಭಾರ ಪತ್ರ) ತೆಗೆಸಲಿಲ್ಲ. ಕರಾರನ್ನು ಒಂದು ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ ಸಹಿ ಹಾಕಿದೆವು. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಅದೂ ಆಗಲಿಲ್ಲ.

ಯಾಕೆ ಕೇಳಲಿಲ್ಲ? ನಾಚಿಕೆ. ರೊಟ್ಟಿ ಬಡಿಸಿದವರ ಹತ್ತಿರ ಕಾಗದ ಕೇಳುವುದು ಹೇಗೆ? ಇನ್ನೂ ನಾಚಿಕೆಗೇಡಿನ ಮಾತು ಹೇಳುತ್ತೇನೆ. ಜೋಗುಪಾಳ್ಯದ ಅಮ್ಮನ ಹತ್ತಿರ ನಾನು ಕಂದಾಯದ ರಸೀದಿ ಕೇಳಿದ್ದೆ. ನಲವತ್ತು ಸಾವಿರ ಅಡ್ವಾನ್ಸಿಗೆ! ಅವರು ಬೇಜಾರಿಲ್ಲದೆ ಟ್ರಂಕ್ ತೆಗೆದು ತೋರಿಸಿದ್ದರು. ಮೂರು ಲಕ್ಷ ಕೊಡುವಾಗ ಏನೂ ಕೇಳಲಿಲ್ಲ, ಯಾಕೆಂದರೆ ಇವರು 'ಹೋಗಾಕತ್ತೀನಿ, ಬರಾಕತ್ತೀನಿ' ಅನ್ನುತ್ತಿದ್ದರು. ಅನುಮಾನವನ್ನೆಲ್ಲ ಆ ಮನೆಯಲ್ಲಿ ಖರ್ಚು ಮಾಡಿ, ಖಾಲಿ ಕೈಯಲ್ಲಿ ಈ ಮನೆಗೆ ಬಂದಿದ್ದೆ.

ಹದಿನಾಲ್ಕನೇ ತಿಂಗಳು ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿದ್ದರು. ಮನೆ ಮೊದಲೇ ಅಡ ಇತ್ತು, ಕಂತು ಕಟ್ಟಿರಲಿಲ್ಲ. 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಸಾಲಗಾರನಿಗೆ 60 ದಿನ ಟೈಮ್ ಕೊಟ್ಟು, ಆಮೇಲೆ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ನನ್ನ ನೋಂದಣಿ ಇಲ್ಲದ ಕರಾರನ್ನು ಬ್ಯಾಂಕಿನವರು ಕೈಯಲ್ಲೂ ಹಿಡಿಯಲಿಲ್ಲ. ಓನರ್ ಮಾತ್ರ, "ನೀವು ನಮ್ಮವರು, ನಿಮ್ಮ ರೊಕ್ಕ ಎಲ್ಲಿ ಹೊಕ್ಕೈತಿ?" ಅನ್ನುತ್ತಲೇ ಇದ್ದರು. ನಾಲ್ಕು ವರ್ಷ ಬೆನ್ನು ಹತ್ತಿದ್ದಕ್ಕೆ ಐದು, ಹತ್ತು ಸಾವಿರದ ಲೆಕ್ಕದಲ್ಲಿ 1 ಲಕ್ಷ 20 ಸಾವಿರ ಬಂತು. ಆ ಹದಿನಾಲ್ಕು ತಿಂಗಳು ದಿನಾ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಊರಿನ ಆ ತುದಿಯಿಂದ ಈ ತುದಿಗೆ ಓಡಾಡಿದ್ದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ತಮಾಷೆ ಅಂದರೆ, ಅಲ್ಲಿ ನನ್ನ ಕನ್ನಡವೂ ನಡೆಯಲಿಲ್ಲ. ಪಕ್ಕದ ಮನೆಯ ಹಾಸನದ ಹುಡುಗಿ ಒಂದು ದಿನ ಕೇಳಿದಳು: "ಅಂಕಲ್, ನೀವು ಮನೇಲಿ ಯಾವ ಭಾಷೆ ಮಾತಾಡೋದು?"

ಈಗ ನಿಮ್ಮ ಪ್ರಶ್ನೆಗೆ. 'ಬೆಂಗಳೂರಿನಲ್ಲಿ ಕನ್ನಡಿಗರು ಅರ್ಧ ಕೂಡ ಇಲ್ಲವಂತೆ' ಅಂತ ಬರೆದಿದ್ದೀರಿ. ಕಾಗದದ ಮೇಲೆ ನಿಜ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಗೆ 96 ಲಕ್ಷ ಜನ. ಅದಕ್ಕೆ ಹತ್ತು ವರ್ಷ ಹಿಂದೆ 65 ಲಕ್ಷ ಇದ್ದರು. ಕನ್ನಡ ನಮ್ಮ ಮಾತೃಭಾಷೆ ಅಂತ ಬರೆಸಿದವರು ಅರ್ಧಕ್ಕಿಂತ ಕಡಿಮೆ. ಆಮೇಲೆ ತಮಿಳು, ತೆಲುಗು, ಉರ್ದು. ಆದರೆ ಅದು ಮಾತೃಭಾಷೆಯ ಲೆಕ್ಕ, ಕನ್ನಡಿಗರ ಲೆಕ್ಕ ಅಲ್ಲ. ನಮ್ಮ ಆಫೀಸಿನ ಉಡುಪಿಯವರು ತುಳು ಅಂತ ಬರೆಸಿದ್ದಾರೆ. ಕುಮಟಾದವಳು ಕೊಂಕಣಿ. ಸವಣೂರಿನ ನನ್ನ ಗೆಳೆಯ ಉರ್ದು, ಅವನ ಕನ್ನಡ ನನ್ನದಕ್ಕಿಂತ ಚೆನ್ನ. ನಮ್ಮೂರ ತಾಂಡಾದಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವನ ಲಂಬಾಣಿಯನ್ನು ಜನಗಣತಿಯವರು ಹಿಂದಿಯ ಬುಟ್ಟಿಗೆ ಹಾಕಿಬಿಡುತ್ತಾರೆ! ಇವರೆಲ್ಲ ನಿಮ್ಮ ಲೆಕ್ಕದಲ್ಲಿ ಹೊರಗಿನವರಾ? ನಮ್ಮ ಸೆಕ್ಷನ್‌ನಲ್ಲಿ ಎಂಟು ಜನ ಇದ್ದೆವು. ಮನೆಯಲ್ಲಿ ಕನ್ನಡ ಮಾತಾಡುವವರು ಇಬ್ಬರು. ಚಹಾ ಹೊತ್ತಿನಲ್ಲಿ ಕನ್ನಡ ಮಾತಾಡುವವರು ಏಳು. ಎಂಟನೆಯವನು ಪಾಟ್ನಾದಿಂದ ಬಂದವನು, ಅವನು ಬೈಗುಳದಿಂದ ಶುರು ಮಾಡಿದ್ದ.

ಅವರಲ್ಲೊಬ್ಬ ಪೇಟೆಯ ಹುಡುಗ ಚೈತ್ರದ ಹುಣ್ಣಿಮೆಗೆ ನನ್ನನ್ನು ಕರಗಕ್ಕೆ ಕರೆದುಕೊಂಡು ಹೋಗಿದ್ದ. ಧರ್ಮರಾಯನ ಗುಡಿಯಿಂದ ನಡುರಾತ್ರಿ ಕರಗ ಹೊರಟಿತು. ಹೊರುವವರು ತಮಿಳು ಮೂಲದ ತಿಗಳರು. ಕಾಟನ್‌ಪೇಟೆಯ ಮಸ್ತಾನ್ ದರ್ಗಾದ ಮುಂದೆ ನಿಂತು ಹೋಗುವುದು ಪದ್ಧತಿ. ಇದು ಪಕ್ಕಾ ಬೆಂಗಳೂರಿನವರ ಹಬ್ಬ ಅಂತ ಅವನು ಹೇಳಿದಾಗ ಪಕ್ಕಾ ಅಂದರೇನು ಅಂತ ಕೇಳಬೇಕೆನ್ನಿಸಿತು. ಜನ ಜಾಸ್ತಿ ಇದ್ದರು, ಕೇಳಲಾಗಲಿಲ್ಲ.

ಹಾಗಂತ ನಿಮ್ಮ ಅಳುಕು ಪೂರ್ತಿ ಸುಳ್ಳು ಅನ್ನುವುದಿಲ್ಲ. ವೈಟ್‌ಫೀಲ್ಡ್ ಕಡೆಯ ಹೊಸ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಬಂದಾಗ ನನಗೂ ಮೈ ಉರಿಯುತ್ತದೆ. ಆದರೆ ಹದಿನೈದು ವರ್ಷ ನೋಡಿದ್ದೇನೆ, ಮೊದಲು ಹಿಂದಿಗೆ ಜಿಗಿಯುವವರು ನಮ್ಮವರೇ. ತರಕಾರಿಯವನ ಮುಖ ನೋಡಿಯೇ 'ಕಿತನಾ' ಅಂತೀವಿ. ಅವನು ಕೋಲಾರದವನಾಗಿರುತ್ತಾನೆ. ಎಲ್ಲಿದ್ದರೂ ಕನ್ನಡದಲ್ಲೇ ಬಾಯಿ ಬಿಡಿ. ಏರಿಯಾ ಹುಡುಕುವುದಕ್ಕಿಂತ ಇದು ಸುಲಭ, ಅಡ್ವಾನ್ಸೂ ಬೇಕಿಲ್ಲ.

ಮನೆ ವಿಷಯಕ್ಕೆ ಬಂದರೆ ನಿಮ್ಮ ಆ ದುಡ್ಡನ್ನು ಸದ್ಯ ಮುಟ್ಟಬೇಡಿ. ಮೂರು ತಿಂಗಳು ಪಿ.ಜಿ.ಯಲ್ಲಿರಿ. ಭಾನುವಾರ ಬೆಳಿಗ್ಗೆ ಹಲಸೂರು, ಜೋಗುಪಾಳ್ಯ, ಮರ್ಫಿ ಟೌನ್ ಬೀದಿಗಳಲ್ಲಿ ನಡೆದು ಟು-ಲೆಟ್ ಬೋರ್ಡ್ ನೋಡಿ. ಕನ್ನಡದ ವಾತಾವರಣವೇ ಬೇಕು ಅಂತ ಹಟ ಇದ್ದರೆ ವಿಜಯನಗರ, ಅತ್ತಿಗುಪ್ಪೆ ನೋಡಿ. ಮೆಟ್ರೋದ ನೇರಳೆ ಮಾರ್ಗದಲ್ಲಿ ಕೂತರೆ ಬದಲಿಸದೆ ಬೈಯಪ್ಪನಹಳ್ಳಿಗೆ ಬರುತ್ತೀರಿ. ನನ್ನ ಕಾಲಕ್ಕೆ ಅದಿರಲಿಲ್ಲ. ಭೋಗ್ಯಕ್ಕೇ ಹೋಗುತ್ತೀರಾದರೆ ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ. ತೆಗೆಯಿರಿ, ಕರಾರು ನೋಂದಣಿ ಮಾಡಿಸಿ. ಅಡ ಇಟ್ಟಿದ್ದು ಕೆಲವೊಮ್ಮೆ ಇ.ಸಿ.ಯಲ್ಲಿ ಕಾಣುವುದಿಲ್ಲ, ಆದರೆ ಅಡ ಇಟ್ಟವರ ಮೂಲ ಪತ್ರ ಸಾಮಾನ್ಯವಾಗಿ ಬ್ಯಾಂಕಿನಲ್ಲಿರುತ್ತೆ, ಅದಕ್ಕೇ ಅದನ್ನು ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ತೋರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ, ರೊಟ್ಟಿ ಎಷ್ಟೇ ಮೆತ್ತಗಿರಲಿ.

ನೋಟಿಸ್ ಬಂದ ಮೇಲೆ ನಾನು ಮಾನ ಬಿಟ್ಟು ಜೋಗುಪಾಳ್ಯದ ಆ ಮನೆಗೆ ಹೋಗಿದ್ದೆ. ಬಾಗಿಲು ತೆಗೆದ ಹುಡುಗ ಕೊಪ್ಪಳದವನು. ನಾನು ಮನೆ ಬೇಡ ಅಂದ ಮರುವಾರವೇ ಬಂದು ಸೇರಿಕೊಂಡಿದ್ದನಂತೆ. "ಅಮ್ಮಾರು ಭಾಳ ಚಲೋ ಅದಾರ್ರಿ" ಅಂದ. ಕೊನೆಗೆ ಮರ್ಫಿ ಟೌನ್‌ನಲ್ಲಿ ತೆಲುಗಿನವರೊಬ್ಬರ ಮನೆ ಹಿಡಿದು ಆರು ವರ್ಷ ಇದ್ದೆ. ಅವರೇನು ಧರ್ಮರಾಯರಲ್ಲ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ಅಚ್ಚ ಕನ್ನಡದಲ್ಲಿ ಜಗಳ ಮಾಡಿ. ಉಳಿದಿದ್ದನ್ನು ಅದೇ ದಿನ ಎಣಿಸಿ ಕೊಟ್ಟರು.

ಸುಂಕದಕಟ್ಟೆಯ ಓನರ್ ಪ್ರತಿ ಯುಗಾದಿಗೆ ತಪ್ಪದೆ ವಾಟ್ಸಾಪ್‌ನಲ್ಲಿ ಬೇವು ಬೆಲ್ಲದ ಚಿತ್ರ ಕಳಿಸುತ್ತಾರೆ. ಈ ಸಲ ಕೆಳಗೆ 'ನಮ್ಮವರು ನಮಗೆ' ಅಂತ ಬರೆದಿತ್ತು.