ಗೆರೆಯಲ್ಲಿ ಬರೆದ ದಿನಚರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ದಿನನಿತ್ಯದ ಬದುಕನ್ನು ನೋಡಿ ಪ್ರತಿದಿನ ಒಂದು ಚಿತ್ರ ಬರೆಯುವ ಅಭ್ಯಾಸದ ಕುರಿತು ಬಂದಿರುವ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಗೋವಾಕ್ಕೆ ಹೋಗಿದ್ದಾಗ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ದಿನಚರಿಯ ಮುದ್ರಿತ ಸಂಪುಟವೊಂದನ್ನು ನೋಡಿದೆ. ದಿನದ ಸಂಗತಿಗಳನ್ನೆಲ್ಲ ಚಿತ್ರದಲ್ಲೇ ಹೇಳಿದ್ದಾರೆ. ಇವನ್ನು ಅವರು ಪ್ರಕಟಣೆಗೆಂದೇ ಬರೆದಿದ್ದರೇ? – ಓದುಗರೊಬ್ಬರು, ಶಿರಸಿ

ಉತ್ತರ: ಇಲ್ಲ, ಅವು ತಮಗಾಗಿ ಬರೆದುಕೊಂಡ ಪುಟಗಳು. 1926ರ ಮೇ 2ರಂದು ದಮನ್‌ನಲ್ಲಿ ಹುಟ್ಟಿದ ಮಾರಿಯೋ, ಮಡಗಾಂವ್ ಸಮೀಪದ ಲೌಟೋಲಿಂ ಎಂಬ ಹಳ್ಳಿಯ ಹಳೆಯ ದೊಡ್ಡ ಮನೆಯಲ್ಲಿ ಬೆಳೆದವರು. ಮನೆಯ ಗೋಡೆಗಳ ಮೇಲೆಲ್ಲ ಗೀಚುತ್ತಿದ್ದ ಮಗನ ಕೈಗೆ ತಾಯಿ ಒಂದು ಖಾಲಿ ಪುಸ್ತಕವನ್ನು ಕೊಟ್ಟರು. ಹುಡುಗ ಅದಕ್ಕೆ ಡೈರಿ ಎಂದು ಹೆಸರಿಟ್ಟುಕೊಂಡ. ಗೋಡೆಯ ಸುಣ್ಣವನ್ನು ಉಳಿಸಿಕೊಳ್ಳಲು ತಾಯಿ ಹೂಡಿದ ಉಪಾಯದಿಂದ ಒಬ್ಬ ಚಿತ್ರಕಾರ ಸಿಕ್ಕಿದ ಎನ್ನಬಹುದು, ಏಕೆಂದರೆ ಅವರು ಯಾವ ಕಲಾಶಾಲೆಯಲ್ಲಿಯೂ ಕ್ರಮವಾಗಿ ಚಿತ್ರಕಲೆಯನ್ನು ಕಲಿಯಲಿಲ್ಲ. ಶಾಲೆಯ ವಿದ್ಯಾಭ್ಯಾಸ ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿ, ಪದವಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ, ಅದೂ ಇತಿಹಾಸದಲ್ಲಿ. ದಿನಚರಿ ಮಾತ್ರ ಜೊತೆಯಲ್ಲೇ ಇತ್ತು.

1949, 1950 ಮತ್ತು 1951ರ ದಿನಚರಿಗಳು ಬಹಳ ವರ್ಷಗಳ ಬಳಿಕ ಪುಸ್ತಕರೂಪದಲ್ಲಿ ಹೊರಬಂದವು; ನೀವು ನೋಡಿದ್ದು ಅವುಗಳಲ್ಲೊಂದಿರಬೇಕು. ಆಗಿನ್ನೂ ಅವರಿಗೆ ಇಪ್ಪತ್ಮೂರರಿಂದ ಇಪ್ಪತ್ತೈದು ವರ್ಷ. ಗೋವಾ ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ಆದ್ದರಿಂದ ಈ ಪುಟಗಳಲ್ಲಿರುವುದು ಅದಕ್ಕೆ ಸುಮಾರು ಒಂದು ದಶಕ ಮುಂಚಿನ ಬದುಕು. ಇತಿಹಾಸದ ಗ್ರಂಥಗಳು ಆ ಕಾಲದ ಗವರ್ನರುಗಳ ಬಗ್ಗೆ, ಸತ್ಯಾಗ್ರಹಗಳ ಬಗ್ಗೆ ಹೇಳುತ್ತವೆ. ಆದರೆ ಮನೆಗೆ ಬಂದ ನೆಂಟರು ಬಾಲ್ಕಾಂವ್ ಎನ್ನುವ ಮುಂಬಾಗಿಲ ಜಗಲಿಯಲ್ಲಿ ಯಾವ ಭಂಗಿಯಲ್ಲಿ ಕೂತು ಹರಟುತ್ತಿದ್ದರು, ಪಾದ್ರಿಗಳ ನಡಿಗೆ ಎಂಥದು, ಮದುವೆಯ ಮನೆಯಲ್ಲಿ ಯಾರ ಕಣ್ಣು ಯಾರ ಮೇಲಿತ್ತು ಎಂಬುದನ್ನು ತಿಳಿಯಬೇಕಾದರೆ ಇಂಥ ಚಿತ್ರಕಾರನ ಬಳಿಗೇ ಹೋಗಬೇಕು.

ಮುಂದೆ ಮಾರಿಯೋ ಹೆಸರಾದದ್ದು ಕಿಕ್ಕಿರಿದ ಚಿತ್ರಗಳಿಗೆ. ಮುಂಬಯಿಯ ಕೆಫೆ ಮೊಂಡೆಗಾರ್‌ನ ಗೋಡೆಗಳ ಮೇಲೆ ಇಂದಿಗೂ ಅವರ ಚಿತ್ರಗಳಿವೆ. ಅವರ ಜನಜಂಗುಳಿಯ ಚಿತ್ರಗಳಲ್ಲಿ ಒಬ್ಬನೂ ಸುಮ್ಮನೆ ಜಾಗ ತುಂಬಲು ನಿಂತಿರುವುದಿಲ್ಲ, ಮೂಲೆಯ ನಾಯಿಗೂ ಅದರದೇ ಒಂದು ಕೆಲಸವಿರುತ್ತದೆ. ಆ ಕೈಚಳಕ ಪತ್ರಿಕಾ ಕಚೇರಿಯಲ್ಲಿ ಬಂದದ್ದಲ್ಲ, ಒಂದು ದಿನದಲ್ಲಿ ಕಂಡ ಜನರನ್ನೆಲ್ಲ ಒಂದೇ ಪುಟಕ್ಕೆ ಹಿಡಿಸಬೇಕಾದ ದಿನಚರಿಯಲ್ಲಿ ಬಂದದ್ದು ಎಂದು ನಾನು ನಂಬುತ್ತೇನೆ. ಸಂಪಾದಕರ ಒಪ್ಪಿಗೆ ಬೇಕಿಲ್ಲದ ಪುಟದಲ್ಲಿ ಪ್ರತಿದಿನವೂ ನಗಿಸಲೇಬೇಕೆಂಬ ಕಟ್ಟುಪಾಡು ಇರುವುದಿಲ್ಲ, ಮತ್ತು ನಗಿಸುವ ಹಂಗಿಲ್ಲದವನು ಹೆಚ್ಚು ನೋಡುತ್ತಾನೆ.

ಪ್ರಶ್ನೆ: ದಿನಕ್ಕೊಂದು ಚಿತ್ರ ಬರೆಯಬೇಕೆಂದು ಹಟ ಹಿಡಿದು ಕೂರುತ್ತೇನೆ. ಆದರೆ ನನ್ನ ದಿನದಲ್ಲಿ ಮನೆ, ಕಚೇರಿ, ಮತ್ತೆ ಮನೆ ಬಿಟ್ಟರೆ ಏನೂ ನಡೆಯುವುದಿಲ್ಲ. ವಿಷಯವನ್ನು ಎಲ್ಲಿಂದ ತರಲಿ? – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನೀವು ಘಟನೆಯನ್ನು ಹುಡುಕುತ್ತಿದ್ದೀರಿ. ಚಿತ್ರಕ್ಕೆ ಘಟನೆ ಬೇಕಾಗಿಲ್ಲ, ಒಂದು ಚಲನೆ ಸಾಕು. ನಾಳೆ ಕಚೇರಿಯಿಂದ ಬರುವಾಗ ಹೂ ಮಾರುವವರ ಬಳಿ ಒಂದು ಮೊಳ ಮಲ್ಲಿಗೆ ಕೊಳ್ಳಿ, ಅವರು ಅಳೆಯುವುದನ್ನು ಗಮನವಿಟ್ಟು ನೋಡಿ. ದಂಡೆಯ ತುದಿಯನ್ನು ಒಂದು ಕೈಯ ನಡುಬೆರಳಿಗೆ ತಾಗಿಸಿ, ಇನ್ನೊಂದು ಕೈಯಿಂದ ಅದನ್ನು ಮೊಣಕೈವರೆಗೆ ಎಳೆಯುತ್ತಾರೆ. ಎಳೆಯುವಾಗ ತಲೆ ತುಸು ವಾಲುತ್ತದೆ, ಕಣ್ಣು ಮಾತ್ರ ಹೂವಿನ ಮೇಲಿರದೆ ಮುಂದಿನ ಗಿರಾಕಿಯ ಮೇಲಿರುತ್ತದೆ. ಮನೆಗೆ ಬಂದು ಅದನ್ನು ನೆನಪಿನಿಂದ ಬರೆಯಲು ಕುಳಿತಾಗ, ಹೆಬ್ಬೆರಳು ದಂಡೆಯ ಒಳಗಿತ್ತೋ ಹೊರಗಿತ್ತೋ ಎಂಬುದು ನಿಮಗೆ ಹೊಳೆಯದೆ ಲೇಖನಿ ನಿಲ್ಲುತ್ತದೆ. ಮಾರನೆಯ ದಿನ ನೀವು ಆ ಹೆಬ್ಬೆರಳನ್ನು ನೋಡಲೆಂದೇ ಹೋಗುತ್ತೀರಿ. ವಿಷಯ ಸಿಗುವುದು ಹೀಗೆ: ನಿನ್ನೆಯ ಚಿತ್ರದಲ್ಲಿ ತಿಳಿಯದೆ ಬಿಟ್ಟುಹೋದದ್ದೇ ಇವತ್ತಿನ ಚಿತ್ರವಾಗುತ್ತದೆ.

ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಅದನ್ನು ನೋಡಿ ಬರೆಯಬಹುದಲ್ಲವೇ ಎಂದು ನೀವು ಕೇಳಬಹುದು. ಬರೆಯಬಹುದು, ಆದರೆ ಫೋಟೋದಲ್ಲಿ ಹೂವಿನ ಬುಟ್ಟಿ, ಹಿಂದಿನ ಗೋಡೆಯ ಜಾಹೀರಾತು, ನಿಂತ ಸ್ಕೂಟರು ಎಲ್ಲವೂ ಒಂದೇ ತೂಕದಲ್ಲಿ ಬಂದು ಕೂರುತ್ತವೆ. ನೆನಪಿಗೆ ಅಷ್ಟೆಲ್ಲ ಹೊರುವ ಶಕ್ತಿ ಇಲ್ಲ, ಅದು ಬೇಡವಾದದ್ದನ್ನು ದಾರಿಯಲ್ಲೇ ಇಳಿಸಿ ಬಂದಿರುತ್ತದೆ. ಆರಂಭದ ಕೆಲವು ತಿಂಗಳಾದರೂ ನೆನಪಿನಿಂದ ಬರೆಯಿರಿ. ಮನೆಯವರ ಕೈಕಾಲುಗಳು, ಅಡುಗೆಮನೆಯ ಪಾತ್ರೆಗಳು, ಕಚೇರಿಯಲ್ಲಿ ಮಧ್ಯಾಹ್ನದ ನಿದ್ದೆಯನ್ನು ತಡೆಯುವವರ ಮುಖಗಳು, ಇಷ್ಟರಲ್ಲೇ ಒಂದು ವರ್ಷ ಕಳೆಯುತ್ತದೆ.

ಪ್ರಶ್ನೆ: ದಿನವೂ ಚಿತ್ರ ಬರೆದವರೆಂದರೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರಲ್ಲವೇ? ಅವರಿಗಿಂತ ದೊಡ್ಡ ಉದಾಹರಣೆ ಬೇಕೆ? – ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಅಭಿಮಾನಕ್ಕೆ ನನ್ನ ಒಪ್ಪಿಗೆಯಿದೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಕನ್ನಡದ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಚಿತ್ರ ಬರೆದ ಲಕ್ಷ್ಮಣ್, ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಿಂದ ಐದು ದಶಕಗಳಿಗೂ ಮೀರಿ ನಡೆಸಿದ ಪುಟ್ಟ ಚೌಕದ ವ್ಯಂಗ್ಯಚಿತ್ರಕ್ಕೆ ಸಾಟಿಯಾದ ನಿತ್ಯವ್ರತ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಆದರೆ ಅದೂ ಮಾರಿಯೋ ಅವರ ದಿನಚರಿಯೂ ಬೇರೆ ಬೇರೆ ಬಗೆಯ ಕೆಲಸಗಳು. ಲಕ್ಷ್ಮಣರ ಚೌಕ ಸುದ್ದಿಯಿಂದ ಹುಟ್ಟುತ್ತಿತ್ತು. ಸಂಜೆಯೊಳಗೆ ಮುಗಿಸಿ ಅಚ್ಚಿಗೆ ಕೊಡಬೇಕು, ಬೆಳಿಗ್ಗೆ ಓದುಗ ಕಾಫಿ ಕುಡಿಯುವ ಹೊತ್ತಿಗೆ ನಗಬೇಕು. ಚೌಕಳಿಯ ಕೋಟು, ಪಂಚೆ ತೊಟ್ಟ ಅವರ ಶ್ರೀಸಾಮಾನ್ಯ ಎಲ್ಲವನ್ನೂ ನೋಡುತ್ತ, ಒಂದೂ ಮಾತಾಡದೆ ಅಲ್ಲಿ ನಿಂತಿರುತ್ತಿದ್ದ. ಮಾರಿಯೋ ಅವರ ದಿನಚರಿಗಾದರೋ ಓದುಗನೂ ಇರಲಿಲ್ಲ, ಗಡುವೂ ಇರಲಿಲ್ಲ.

ಇಬ್ಬರನ್ನೂ ಸೇರಿಸುವ ಸಂಗತಿಯೊಂದಿದೆ. ಬಾಲ್ಯದಲ್ಲಿ ಕಿಟಕಿಯಾಚೆ ಕಾಣುತ್ತಿದ್ದ ಒಣರೆಂಬೆ, ಎಲೆ, ಸೌದೆ ಒಡೆಯುವ ಆಳುಗಳು, ಎದುರು ಮನೆಯ ಮಾಡಿನ ಮೇಲಿನ ಕಾಗೆಗಳು ತಮ್ಮನ್ನು ಸೆಳೆದದ್ದನ್ನು ಲಕ್ಷ್ಮಣ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಿಗೆ ಪ್ರವೇಶವನ್ನು ನಿರಾಕರಿಸಿತು ಎಂಬುದು ಎಲ್ಲರಿಗೂ ತಿಳಿದ ವಿಷಯ. ಪತ್ರಿಕೆಯ ಚೌಕಕ್ಕೆ ಬರುವ ಮೊದಲು ಅವರಿಗೂ ಮನೆಯ ಕಿಟಕಿಯೇ ಪಾಠಶಾಲೆಯಾಗಿತ್ತು. ನಿತ್ಯಚಿತ್ರವನ್ನು ಹೊಸದಾಗಿ ಆರಂಭಿಸುವವರು ಲಕ್ಷ್ಮಣರ ಚೌಕವನ್ನು ಅನುಕರಿಸುವುದಕ್ಕಿಂತ ಅವರ ಕಿಟಕಿಯನ್ನು ಅನುಕರಿಸುವುದು ಕ್ಷೇಮ. ಮಂತ್ರಿಗಳ ಮೂಗನ್ನು ಆಮೇಲೆ ನೋಡಿಕೊಳ್ಳಬಹುದು.

ಪ್ರಶ್ನೆ: ಬಸ್ಸಿನಲ್ಲಿ ಎದುರಿಗೆ ಕೂತವರ ಚಿತ್ರ ಬರೆಯುತ್ತಿದ್ದೆ. ಅವರಿಗೆ ಗೊತ್ತಾಗಿ ತೀರಾ ಸಿಟ್ಟಾದರು. ಅಪರಿಚಿತರನ್ನು ಬರೆಯುವುದು ತಪ್ಪೇ? – ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ತಪ್ಪಲ್ಲ, ಆದರೆ ಸಿಟ್ಟಾಗುವುದೂ ಅವರ ಹಕ್ಕು. ಮಾರಿಯೋ ಹುಡುಗನಾಗಿದ್ದಾಗ ಪಾದ್ರಿಗಳ ಚಿತ್ರ ಬರೆದು ಶಾಲೆಯಲ್ಲಿ ಪೇಚಿಗೆ ಸಿಕ್ಕಿಕೊಂಡಿದ್ದರು, ಹಾಗೆಂದು ಪಾದ್ರಿಗಳನ್ನು ಬರೆಯುವುದನ್ನು ಬಿಡಲಿಲ್ಲ. ಯಾರಾದರೂ ಆಕ್ಷೇಪಿಸಿದರೆ ಪುಸ್ತಕವನ್ನು ಮುಚ್ಚಿಡದೆ ಅವರಿಗೇ ತೋರಿಸಿ, ಕ್ಷಮೆ ಕೇಳಿ, ಅಲ್ಲಿಗೆ ನಿಲ್ಲಿಸಿ. ಬಹಳ ಮಂದಿ ಚಿತ್ರ ನೋಡಿದ ಮೇಲೆ ತಣ್ಣಗಾಗುತ್ತಾರೆ. ತಣ್ಣಗಾಗದವರ ಪುಟವನ್ನು ಯಾರಿಗೂ ತೋರಿಸಬೇಡಿ. ಮುಖವನ್ನೇ ಬರೆಯಬೇಕೆಂದೇನೂ ಇಲ್ಲ ಎಂಬುದನ್ನೂ ನೆನಪಿಡಿ. ಸೀಟಿನ ಕಂಬಿಯನ್ನು ಹಿಡಿದ ಕೈ, ಕಾಲುಗಳ ನಡುವೆ ಇಟ್ಟುಕೊಂಡ ಚೀಲ, ಕಿಟಕಿಗೆ ಒರಗಿದ ಬೆನ್ನು ಇವು ಯಾರದೆಂದು ಯಾರೂ ಗುರುತಿಸಲಾರರು, ಆದರೂ ಆ ಮನುಷ್ಯನ ದಣಿವು ಅಲ್ಲಿ ಪೂರ್ತಿಯಾಗಿ ಇರುತ್ತದೆ. ದಿನವೂ ಬರೆದದ್ದನ್ನು ಇನ್‌ಸ್ಟಾಗ್ರಾಂಗೆ ಹಾಕಬಹುದೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ವಾರಕ್ಕೊಮ್ಮೆ, ಏಳರಲ್ಲಿ ಒಂದನ್ನು ಆರಿಸಿ ಹಾಕಿ. ಪ್ರತಿದಿನ ಹಾಕತೊಡಗಿದರೆ ಜನ ಮೆಚ್ಚುವುದನ್ನೇ ಕೈ ಬರೆಯತೊಡಗುತ್ತದೆ.

ಪ್ರಶ್ನೆ: ಎಂಥ ಪುಸ್ತಕ, ಎಂಥ ಪೆನ್ನು ಕೊಳ್ಳಬೇಕು? – ಓದುಗರೊಬ್ಬರು, ಸಾಗರ

ಉತ್ತರ: ಬರಿಯ ಗೆರೆಗೆ 100 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕದ ಅಳತೆ) ಕಾಗದ ಸಾಕು, ಮೇಲೆ ನೀರುಬಣ್ಣ ಹಚ್ಚುವುದಾದರೆ 200ರ ಆಸುಪಾಸಿನದನ್ನು ತೆಗೆದುಕೊಳ್ಳಿ, ಇಲ್ಲದಿದ್ದರೆ ಹಾಳೆ ಸುರುಟಿಕೊಳ್ಳುತ್ತದೆ. ಶಾಯಿ ವಾಟರ್‌ಪ್ರೂಫ್ ಆಗಿರಲಿ. ಅಂಗಡಿಯವರ ಮಾತನ್ನು ನಂಬದೆ, ಹಾಳೆಯ ಮೇಲೆ ಒಂದು ಗೆರೆ ಎಳೆದು, ಚೆನ್ನಾಗಿ ಒಣಗಿದ ಮೇಲೆ ಒದ್ದೆ ಕುಂಚವನ್ನು ಆಡಿಸಿ ನೋಡಿ. ಗೆರೆ ಕದಡಿದರೆ ಆ ಪೆನ್ನು ಬೇಡ. ಜನವರಿಯಲ್ಲಿ ಪುಕ್ಕಟೆಯಾಗಿ ಸಿಗುವ, ತಾರೀಕು ಅಚ್ಚಾದ ಡೈರಿಯನ್ನು ಮಾತ್ರ ಬಳಸಬೇಡಿ. ಅದರ ಹಾಳೆ ತೆಳು, ಶಾಯಿ ಹಿಂಬದಿಗೆ ಇಳಿಯುತ್ತದೆ. ಜೊತೆಗೆ ಜ್ವರದಲ್ಲೋ ಊರ ಜಾತ್ರೆಯಲ್ಲೋ ನಾಲ್ಕು ದಿನ ತಪ್ಪಿದರೆ ಖಾಲಿ ಪುಟಗಳನ್ನು ಕಂಡೇ ಉತ್ಸಾಹ ಕುಗ್ಗುತ್ತದೆ. ಗೆರೆಯಿಲ್ಲದ ಪುಸ್ತಕವನ್ನು ಕೊಂಡು, ಬರೆದ ದಿನದ ತಾರೀಕನ್ನು ನೀವೇ ಹಾಕಿಕೊಳ್ಳಿ.